ಸಿಪಾಯಿಯ ಎರಡು ಬೆಲ್ಟು

ರಿಮೋಟನ್ನು ರಾಗಿ ಡ್ರಮ್ಮಿನೊಳಗೆ ಹೂತಿಟ್ಟವಳು ವೀಣ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೊಣಕೈ ಮುಳುಗುವಷ್ಟು ಆಳಕ್ಕೆ ತಳ್ಳಿ, ಮೇಲೆ ರಾಗಿಯನ್ನು ಸಮ ಮಾಡಿ, ಮುಚ್ಚಳ ಒತ್ತಿ, ಸೆರಗಿಗೆ ಅಂಗೈ ಒರೆಸಿಕೊಂಡು ಒಲೆಯ ಮುಂದೆ ಬಂದು ನಿಂತಳು. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಗಂಡನ ವಸ್ತುವನ್ನು ಗಂಡನಿಗೆ ತಿಳಿಯದಂತೆ ಮುಚ್ಚಿಟ್ಟದ್ದು ಇದೇ ಮೊದಲು.

ಅವರ ಮನೆ ಬಾಬುರಾಯನಕೊಪ್ಪಲಿನಲ್ಲಿ, ಮೈಸೂರು ರಸ್ತೆಯಿಂದ ಎರಡು ಬೀದಿ ಒಳಗೆ. ಗಂಡ ಸುರೇಂದ್ರ ಮರಗೆಲಸದವನು. ಮನೆಗೆ ತಗುಲಿಕೊಂಡಂತೆ ಶೀಟು ಹೊದಿಸಿದ ಶೆಡ್ಡು ಹಾಕಿಕೊಂಡು ಬಾಗಿಲು, ಕಿಟಕಿ, ದೇವರ ಮನೆಯ ಕದ ಮಾಡಿಕೊಡುತ್ತಿದ್ದ. ಮಾವ ಕಾಳಪ್ಪ ಕೈನಡುಕ ಶುರುವಾದ ಮೇಲೆ ಉಳಿ ಮುಟ್ಟುವುದನ್ನು ಬಿಟ್ಟು, ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮಗನ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದರು. ಗೋಡೆಯಾಚೆ ಚಿಕ್ಕಸ್ವಾಮಿಯ ಮನೆ. ಐದು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಗೌಡರ ಕುಟುಂಬ. ಆತನ ಹೆಂಡತಿ ಮಂಗಳಮ್ಮ ದಿನಾ ಬೆಳಿಗ್ಗೆ ಗೋಡೆಯ ಮೇಲಿಂದಲೇ ವೀಣಳಿಗೆ ಒಂದು ಚೊಂಬು ಹಾಲು ದಾಟಿಸುತ್ತಿದ್ದಳು. ಅದೇ ಹೊತ್ತಿಗೆ ಊರಿನ ಅರ್ಧ ಸುದ್ದಿಯೂ ಈಚೆಗೆ ದಾಟುತ್ತಿತ್ತು.

ಸಿಪಾಯಿ ಅವರ ನಾಯಿ. ಕಂದು ಮೈ, ಎದೆಯ ಮೇಲೆ ಬಿಳಿ ಪಟ್ಟೆ, ನಾಲ್ಕು ವರ್ಷದ ಪ್ರಾಯ. ಬೊಗಳುವುದೆಂದರೆ ಅದಕ್ಕೆ ಹಬ್ಬ. ಅದರಲ್ಲೂ ಚಿಕ್ಕಸ್ವಾಮಿ ಹೊಸದಾಗಿ ತಂದ ಕಪ್ಪುಬಿಳುಪು ಹಸುವನ್ನು ಕಂಡರೆ ಅದಕ್ಕೆ ಏನಾಗುತ್ತಿತ್ತೋ, ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಗೋಡೆಗೆ ಮುಂಗಾಲು ಕೊಟ್ಟು ನಿಂತು ಒಂದೇ ಸಮನೆ ಬಾಯಿ ಮಾಡುತ್ತಿತ್ತು.

"ಲೇ ಸುರೇಂದ್ರ, ನಿನ್ ನಾಯಿಗೆ ಏನಾರ ಮಾಡ್ಲಾ," ಎಂದು ಚಿಕ್ಕಸ್ವಾಮಿ ಮೂರು ಸಲ ಹೇಳಿದ. "ಅದು ಕೂಗ್ತಿದ್ರೆ ಹಸ ಬೆದರ್ಕತದೆ. ಹಾಲೇ ಇಳಿಸಾಕಿಲ್ಲ ಕಣ್ಲಾ."

ಸುರೇಂದ್ರನಿಗೆ ಚಿಕ್ಕಸ್ವಾಮಿಯ ಮಾತು ತೆಗೆದುಹಾಕುವಂತಿರಲಿಲ್ಲ. ಚಿಕ್ಕಸ್ವಾಮಿ ಊರ ಹೊರಗಿನ ಜಮೀನಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ. ಅದರ ಮುಂಬಾಗಿಲನ್ನು ತೇಗದಲ್ಲಿ, ಎರಡೂ ಕದಕ್ಕೆ ಬಳ್ಳಿ ಮತ್ತು ಹಂಸದ ಕೆತ್ತನೆ ಹಾಕಿ ಮಾಡುವುದಕ್ಕೆ ಸುರೇಂದ್ರನಿಗೇ ಒಪ್ಪಿಸಿದ್ದ. ಬಹಳ ದಿನದ ಮೇಲೆ ಕೈತುಂಬ ಕೆತ್ತನೆ ಕೆಲಸ ಸಿಕ್ಕಿದ್ದು ಅದೊಂದೇ. ಹಾಗಾಗಿ ಸುರೇಂದ್ರ ಫೋನಿನಲ್ಲಿ ಹುಡುಕಿ, ನಾಯಿ ಬೊಗಳಿದರೆ ತಾನಾಗಿಯೇ ಕುತ್ತಿಗೆಗೆ ಕರೆಂಟು ಹೊಡೆಯುವ ಬೆಲ್ಟೊಂದನ್ನು ತರಿಸಿದ. ಒಳಭಾಗದಲ್ಲಿ ಎರಡು ಚಿಕ್ಕ ಉಕ್ಕಿನ ಮೊಳೆ, ಹೊರಗೊಂದು ಪುಟ್ಟ ಕಪ್ಪು ಡಬ್ಬಿ, ಅದರ ಮೇಲೆ ಒಂದರಿಂದ ಏಳರವರೆಗೆ ಅಂಕಿ. ಅಂಕಿ ಹೆಚ್ಚಿದಷ್ಟೂ ಸಣ್ಣ ಸದ್ದಿಗೇ ಹೊಡೆಯುತ್ತದಂತೆ. ಸುರೇಂದ್ರ ಮೂರಕ್ಕೆ ಇಟ್ಟ.

ಬೊಗಳುವುದು ಅರ್ಧದಷ್ಟು ಇಳಿಯಿತು. ಆದರೆ ಸಿಪಾಯಿ ಬೊಗಳುವ ಬದಲು ಗೋಡೆ ಹಾರಿ ಹಸುವಿನ ಬಳಿಗೇ ಹೋಗತೊಡಗಿತು. ಒಂದು ದಿನ ಕರುವನ್ನು ಅಟ್ಟಿಸಿಕೊಂಡು ಮೈಸೂರು ರಸ್ತೆಯ ಅಂಚಿನವರೆಗೂ ಓಡಿತು. ಲಾರಿಯೊಂದು ಕಿರ್ರೆಂದು ನಿಂತು ಡ್ರೈವರು ಇಳಿದು ಬಂದು ಬೈದ. ಅದಾದ ವಾರಕ್ಕೆ ಇನ್ನೊಂದು ಬೆಲ್ಟು ಬಂತು. ಇದಕ್ಕೆ ರಿಮೋಟು ಇತ್ತು. ನಾಯಿ ಎಲ್ಲಿದ್ದರೂ ಗುಂಡಿ ಒತ್ತಿದರೆ ಕುತ್ತಿಗೆಗೆ ಹೊಡೆಯುತ್ತದೆ. ಕರೆದರೆ ಬರುವುದನ್ನು ಕಲಿಸುವುದಕ್ಕೆ ಇದು ಎಂದು ಸುರೇಂದ್ರ ಹೇಳಿದ. ಹೀಗೆ ಸಿಪಾಯಿಯ ಕುತ್ತಿಗೆಗೆ ಮೇಲೊಂದು, ಕೆಳಗೊಂದು, ಎರಡು ಬೆಲ್ಟು ಬಿತ್ತು.

ವೀಣ ರಿಮೋಟನ್ನು ಬಚ್ಚಿಟ್ಟ ದಿನ ನಡೆದದ್ದಿಷ್ಟು. ಸಿಪಾಯಿ ಮತ್ತೆ ಗೋಡೆ ಹಾರುವುದಕ್ಕೆ ಹೋಯಿತು. ಸುರೇಂದ್ರ ಹೆಸರು ಹಿಡಿದು ಕರೆದ, ತಿರುಗಿ ನೋಡಲಿಲ್ಲ, ಗುಂಡಿ ಒತ್ತಿದ. ನಾಯಿ ಕುಯ್ಯೆಂದು ಕಿರುಚಿತು. ಕಿರುಚಿದ್ದನ್ನೇ ಬೊಗಳಿದ್ದೆಂದು ತಿಳಿದು ಬೊಗಳುವ ಬೆಲ್ಟು ಹೊಡೆಯಿತು. ಆ ನೋವಿಗೆ ಮತ್ತೆ ಕಿರುಚಿತು. ಅದಕ್ಕೂ ಹೊಡೆಯಿತು. ಸುರೇಂದ್ರ ಒತ್ತಿದ್ದು ಒಂದೇ ಸಲ. ನಾಯಿ ಮಾತ್ರ ಮಣ್ಣಿನಲ್ಲಿ ಉರುಳಿ, ಕುತ್ತಿಗೆಯನ್ನು ಕಲ್ಲಿಗೆ ಉಜ್ಜಿ, ಕೊನೆಗೆ ಬಾಯಿ ಕಚ್ಚಿಕೊಂಡು ನೀರಿನ ತೊಟ್ಟಿಯ ಹಿಂದೆ ಮುದುರಿ ಕುಳಿತುಕೊಳ್ಳುವವರೆಗೂ ಅದು ನಿಲ್ಲಲಿಲ್ಲ.

"ಅಯ್ಯೋ, ಬಿಚ್ರೀ ಅದ್ನ!" ಎಂದು ವೀಣ ಓಡಿ ಬಂದಳು.

"ಕಲೀಲಿ ಬುಡು," ಎಂದ ಸುರೇಂದ್ರ. ಅವನ ಮುಖವೂ ಬಿಳುಚಿಕೊಂಡಿತ್ತು. ಆದರೂ ಅವನು ಬಿಚ್ಚಲಿಲ್ಲ. "ಲಾರಿ ಅಡೀಗೆ ಬಿದ್ದು ಸಾಯೋದಕ್ಕಿಂತ ವಾಸಿ ಕಣೇ."

ಅವನು ಊಟಕ್ಕೆ ಕೂತಾಗ ಶೆಡ್ಡಿನ ಕಿಟಕಿಯಲ್ಲಿದ್ದ ರಿಮೋಟು ರಾಗಿಯೊಳಗೆ ಹೋಯಿತು.

ಸುರೇಂದ್ರ ಸಂಜೆಯೆಲ್ಲ ಹುಡುಕಿದ. ಮರದ ಹೊಟ್ಟನ್ನು ಕೆದರಿದ, ಸ್ಕೂಟರಿನ ಸೀಟು ಎತ್ತಿದ, ಅಪ್ಪನನ್ನು ಕುರ್ಚಿಯಿಂದ ಎಬ್ಬಿಸಿ ನೋಡಿದ. ಅಷ್ಟರಲ್ಲಿ ಗೋಡೆಯಾಚೆಯಿಂದ ಚಿಕ್ಕಸ್ವಾಮಿ ಕೂಗಿದ, ಇವತ್ತೂ ಹಸು ಹಾಲು ಇಳಿಸಲಿಲ್ಲವೆಂದು. ರಿಮೋಟು ಇಲ್ಲದ ಕೋಪಕ್ಕೋ ಏನೋ, ಸುರೇಂದ್ರ ನಾಯಿಯನ್ನು ಕಾಲ ಸಂದಿಯಲ್ಲಿ ಹಿಡಿದುಕೊಂಡು ಬೊಗಳುವ ಬೆಲ್ಟಿನ ಅಂಕಿಯನ್ನು ಏಳಕ್ಕೆ ತಂದ. ವೀಣ ಅದನ್ನು ನೋಡಿದಳು. ಇರಲಿ, ಬೊಗಳದಿದ್ದರೆ ಹೊಡೆಯುವುದಿಲ್ಲವಲ್ಲ ಎಂದು ಸುಮ್ಮನಾದಳು.

ಮೂರನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಆ ವಾರ ಲೈನು ಬದಲಾಯಿಸುವ ಕೆಲಸವೆಂದು ದಿನಾ ಮಧ್ಯಾಹ್ನ ಕರೆಂಟು ತೆಗೆಯುತ್ತಿದ್ದರು. ವೀಣ ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಶೆಡ್ಡಿನ ಕಡೆಯಿಂದ ಸಿಪಾಯಿಯ ಕುಯ್ಯೆನ್ನುವ ದನಿ ಕೇಳಿತು. ಬೊಗಳಿದ ಸದ್ದು ಮೊದಲು ಕೇಳಿಸಿರಲಿಲ್ಲ. ಏನೂ ಇಲ್ಲದೆ, ಸುಮ್ಮನೆ ಮಲಗಿದ್ದದ್ದು ಹಾಗೇ ಕಿರುಚಿಕೊಂಡು ಹೊರಗೆ ಓಡಿ ಬಂತು. ಬಾಲ ಹೊಟ್ಟೆಗೆ ಅಂಟಿಕೊಂಡಿತ್ತು.

ಸುರೇಂದ್ರ ಅದರ ಹಿಂದೆಯೇ ಬಂದ. ಕೈಯಲ್ಲಿ ಉಳಿಗೆ ಹೊಡೆಯುವ ಮರದ ಕೊಡತಿಯಿತ್ತು. ಅವನ ಕಣ್ಣು ನಾಯಿಯ ಮೇಲಿರಲಿಲ್ಲ, ಗೋಡೆಯ ಮೇಲಿತ್ತು. ಗೋಡೆಯಾಚೆ ಚಿಕ್ಕಸ್ವಾಮಿ ಬೀಡಿ ಕಚ್ಚಿಕೊಂಡು ನಿಂತಿದ್ದ. ಅವನ ಬಲಗೈಯಲ್ಲಿ ಕರಿಯ ವಸ್ತುವೊಂದಿತ್ತು. ಹೆಬ್ಬೆರಳು ಅದರ ಮೇಲೆ ಆಡುತ್ತಿತ್ತು.

"ಏನಾಯ್ತ್ಲಾ ನಾಯಿಗೆ?" ಎಂದ ಚಿಕ್ಕಸ್ವಾಮಿ.

"ನೀನೇ ಹೇಳ್ಬೇಕು ಕಣಣ್ಣ," ಎಂದ ಸುರೇಂದ್ರ.

ಮಾರನೆಯ ದಿನವೂ ಹಾಗೇ ಆಯಿತು. ಅದರ ಮಾರನೆಯ ದಿನವೂ. ಕರೆಂಟು ಹೋಗುವುದು, ಸಿಪಾಯಿ ಬಂದು ಶೆಡ್ಡಿನಲ್ಲಿ ಮಲಗುವುದು, ಸ್ವಲ್ಪ ಹೊತ್ತಿಗೆ ಕಿರುಚಿಕೊಂಡು ಏಳುವುದು, ಸುರೇಂದ್ರ ಹೊರಗೆ ಬಂದು ನೋಡಿದರೆ ಗೋಡೆಯಾಚೆ ಚಿಕ್ಕಸ್ವಾಮಿ ನಿಂತಿರುವುದು. ನಾಯಿ ಈಗ ಗೋಡೆಯ ಹತ್ತಿರವೇ ಸುಳಿಯುತ್ತಿರಲಿಲ್ಲ. ಅನ್ನ ಇಟ್ಟರೆ ಸುತ್ತಮುತ್ತ ನೋಡಿ, ಎರಡು ತುತ್ತು ತಿಂದು, ಹಿಂದೆ ಸರಿಯುತ್ತಿತ್ತು.

"ರಿಮೋಟು ಕಳ್ದೋಗಿಲ್ಲ ಕಣೇ," ಎಂದ ಸುರೇಂದ್ರ ಮೂರನೆಯ ದಿನ ಊಟಕ್ಕೆ ಕೂತವನು. "ಕದ್ದವ್ರೆ. ಕಿಟಕೀಲಿ ಇಟ್ಟಿದ್ದೆ. ಗೋಡೆ ಮೇಲಿಂದ ಕೈ ಹಾಕುದ್ರೆ ಸಿಕ್ತದೆ. ನಾಯಿ ಮೇಲಿನ ಸಿಟ್ಟು ತೀರಿಸ್ಕತಾವ್ನೆ."

ವೀಣಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಚಿಕ್ಕಸ್ವಾಮಣ್ಣ ಅಂಥೋರಲ್ಲ," ಎಂದಳು.

"ನಿಂಗೇನು ಗೊತ್ತು?"

ಗೊತ್ತಿತ್ತು. ಅವಳೊಬ್ಬಳಿಗೇ ಗೊತ್ತಿತ್ತು. ಆಗಲೇ ಹೇಳಿಬಿಡಬಹುದಿತ್ತು. ಆದರೆ ಹೇಳಿದರೆ ರಿಮೋಟು ಮತ್ತೆ ಅವನ ಕೈಗೆ ಹೋಗುತ್ತದೆ. ಎರಡು ದಿನ ಹೋಗಲಿ, ಅವನ ಸಿಟ್ಟು ಇಳಿಯಲಿ ಎಂದುಕೊಂಡಳು. ಅದಕ್ಕಿಂತ ದೊಡ್ಡದೊಂದು ಪ್ರಶ್ನೆ ಅವಳ ತಲೆಯೊಳಗೆ ಕೊರೆಯುತ್ತಿತ್ತು. ರಿಮೋಟು ರಾಗಿಯೊಳಗಿದೆ. ಹಾಗಾದರೆ ನಾಯಿಗೆ ಹೊಡೆಯುತ್ತಿರುವವರು ಯಾರು?

ಗಂಡ ಕೈ ತೊಳೆದು ಶೆಡ್ಡಿಗೆ ಹೋದದ್ದೇ ತಡ, ಅಡಿಗೆಮನೆಗೆ ಹೋಗಿ ಡ್ರಮ್ಮಿನ ಮುಚ್ಚಳ ತೆಗೆದಳು. ರಾಗಿಯ ಭಾರಕ್ಕೆ ಗುಂಡಿ ತಾನೇ ಒತ್ತಿಕೊಳ್ಳುತ್ತಿದೆಯೋ ಎಂಬ ಭಯ ಹುಟ್ಟಿತ್ತು. ಕೈ ಹಾಕಿದರೆ ಕವರು ಸಿಕ್ಕಿತು. ಬಿಚ್ಚಿ ನೋಡಿದಳು. ಯಾವ ಗುಂಡಿ ಒತ್ತಿದರೂ ದೀಪ ಹತ್ತಲಿಲ್ಲ. ಚಾರ್ಜು ಮುಗಿದು ಎಷ್ಟು ದಿನವಾಗಿತ್ತೋ. ಸತ್ತ ವಸ್ತುವನ್ನು ಮತ್ತೆ ಹೂತಿಟ್ಟಳು.

ಅಲ್ಲಿಂದ ಅವಳ ಮನಸ್ಸು ಹಾಳಾಯಿತು.

ಮೊದಲು ಅನುಮಾನ ಬಂದದ್ದು ಗಂಡನ ಮೇಲೆಯೇ. ಇನ್ನೊಂದು ರಿಮೋಟು ತರಿಸಿಕೊಂಡಿರಬೇಕು, ತಾನೇ ಒತ್ತುತ್ತಿರಬೇಕು, ಹೆಂಡತಿಯ ಮುಂದೆ ಒಳ್ಳೆಯವನಾಗಲು ಪಕ್ಕದವರ ಮೇಲೆ ಹಾಕುತ್ತಿರಬೇಕು. ಅವನು ಪ್ಲೈವುಡ್ಡು ತರಲು ಶ್ರೀರಂಗಪಟ್ಟಣಕ್ಕೆ ಹೋದಾಗ ಗೂಟದಲ್ಲಿದ್ದ ಅಂಗಿಗಳ ಜೇಬು ತಡಕಿದಳು. ಶೆಡ್ಡಿಗೆ ಹೋಗಿ ಉಪಕರಣದ ಪೆಟ್ಟಿಗೆಯನ್ನು ಬುಡಮಟ್ಟ ಹುಡುಕಿದಳು. ಉಳಿಗಳು, ಉಜ್ಜುವ ಕಾಗದ, ಮುರಿದ ಟೇಪು, ಇಷ್ಟೇ.

"ಏನವ್ವಾ ಉಡುಕ್ತಿದ್ದೀಯೆ?" ಎಂದಿತು ಹಿಂದಿನಿಂದ ಮಾವನ ದನಿ.

"ಸ್ಕ್ರೂಡ್ರೈವರು, ಮಾವ. ಮಿಕ್ಸಿ ಸಡಿಲ ಆಗದೆ."

ಸ್ಕ್ರೂಡ್ರೈವರು ಅವಳ ಕಣ್ಣೆದುರಿಗೇ, ಪೆಟ್ಟಿಗೆಯ ಮೇಲೇ ಇತ್ತು. ಕಾಳಪ್ಪ ಅದನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದರು. ಏನೂ ಅನ್ನಲಿಲ್ಲ. ಆ ಮೌನ ಕಂಡು ಅನುಮಾನ ಮಾವನ ಮೇಲೆ ಹೊರಳಿತು. ನಾಯಿ ಶೆಡ್ಡಿಗೆ ಬಂದರೆ ಅವರಿಗೆ ಆಗುತ್ತಿರಲಿಲ್ಲ. ಮರದ ಮೇಲೆ ರೋಮ ಬೀಳುತ್ತದೆ ಎಂದು ಗೊಣಗುತ್ತಿದ್ದರು. ಆದರೆ ನಡುಗುವ ಆ ಬೆರಳುಗಳಲ್ಲಿ ಷರಟಿನ ಗುಂಡಿ ಹಾಕಿಕೊಳ್ಳುವುದೇ ಕಷ್ಟ. ಅವರು ಏನನ್ನು ಒತ್ತಿಯಾರು?

ಆಮೇಲೆ ಚಿಕ್ಕಸ್ವಾಮಿ. ಇದು ಅವಳಿಗೇ ನಾಚಿಕೆ ತಂದಿತು. ಆದರೂ ವಾರದ ಹಿಂದೆ ಆ ಮನೆಗೆ ಕೊರಿಯರಿನವನು ಒಂದು ಚಿಕ್ಕ ಪೆಟ್ಟಿಗೆ ಕೊಟ್ಟು ಹೋದದ್ದು ನೆನಪಾಯಿತು. ಒಂದು ಬೆಲ್ಟಿಗೆ ಇನ್ನೊಂದು ರಿಮೋಟು ಹೊಂದುವುದಿಲ್ಲವೆಂದು ಯಾರು ಕಂಡಿದ್ದಾರೆ? ಬೆಳಿಗ್ಗೆ ಹಾಲಿನ ಚೊಂಬು ಹಿಡಿದುಕೊಂಡು ಗೋಡೆಯ ಹತ್ತಿರ ನಿಂತಾಗ ಮಾತು ಬಾಯಿಂದ ಜಾರಿತು.

"ಮಂಗಳಕ್ಕ, ಮೊನ್ನೆ ಏನೋ ಪಾರ್ಸಲ್ಲು ಬಂದಂಗಿತ್ತು?"

ಮಂಗಳಮ್ಮ ಚೊಂಬನ್ನು ಅರ್ಧ ದಾರಿಯಲ್ಲೇ ನಿಲ್ಲಿಸಿದಳು. "ಹಾಲು ಕರೆಯೋ ಮಿಷನ್ನಿನ ರಬ್ಬರು. ಯಾಕವ್ವಾ, ನಮ್ಮನೇಗೆ ಬರೋದು ಹೋಗೋದೆಲ್ಲ ನೋಡ್ಕಂಡು ಕುಂತಿದ್ದೀಯಾ?"

"ಅಯ್ಯೋ, ಸುಮ್ನೆ ಕೇಳ್ದೆ."

"ನಿಮ್ಮೆಜಮಾನ್ರೂ ಈಗೀಗ ನಮ್ಮೆಜಮಾನ್ರನ್ನ ಒಂಥರಾ ನೋಡ್ತಾವ್ರೆ. ಏನಾಗದೆ ನಿಮ್ಮನೇಲಿ?"

ವೀಣ ಹಾಲು ತೆಗೆದುಕೊಂಡು ಒಳಗೆ ಬಂದಳು.

ಜಗಳ ಆದದ್ದು ಅದರ ಮಾರನೆಯ ಬೆಳಿಗ್ಗೆ, ಡೈರಿಯ ಮುಂದೆ. ಹಾಲು ಹಾಕುವವರು ಕ್ಯಾನು ಇಟ್ಟುಕೊಂಡು ಸಾಲಿನಲ್ಲಿದ್ದರು. ಸುರೇಂದ್ರ ಪಕ್ಕದ ಅಂಗಡಿಯಲ್ಲಿ ಮೊಳೆ ಕೊಂಡು, ತರಕಾರಿ ಚೀಲ ಹಿಡಿದಿದ್ದ ವೀಣಳನ್ನು ಸ್ಕೂಟರಿಗೆ ಹತ್ತಿಸಿಕೊಳ್ಳುವುದರಲ್ಲಿದ್ದ. ಸಿಪಾಯಿಯೂ ಅವರ ಹಿಂದೆಯೇ ಬಂದಿತ್ತು. ಅದು ಚಿಕ್ಕಸ್ವಾಮಿಯನ್ನು ಕಂಡು ಬೆನ್ನು ಬಗ್ಗಿಸಿ ಸ್ಕೂಟರಿನ ಹಿಂದೆ ಅಡಗಿತು. ಅದೇ ಹೊತ್ತಿಗೆ ಯಾರೋ ಖಾಲಿ ಕ್ಯಾನನ್ನು ಸಿಮೆಂಟಿನ ಮೇಲೆ ದಡಾರೆಂದು ಕುಕ್ಕಿದರು. ಸಿಪಾಯಿ ಕಿರುಚಿತು. ಚಿಕ್ಕಸ್ವಾಮಿ ಕೈಯಲ್ಲಿದ್ದುದನ್ನು ನೋಡುತ್ತ ನಿಂತಿದ್ದ.

ಸುರೇಂದ್ರ ಎರಡೇ ಹೆಜ್ಜೆಗೆ ಅವನ ಮುಂದೆ ಹೋಗಿ ನಿಂತ. "ಕೊಡಣ್ಣ ಅದ್ನ."

"ಏನ್ಲಾ?"

"ನನ್ ರಿಮೋಟು ಕೊಡು. ಎಷ್ಟ್ ದಿನ ಅಂತ ಮೂಕಪ್ರಾಣೀನ ಗೋಳುಯ್ಕತೀಯೆ?"

"ಯಾವ್ ರಿಮೋಟ್ಲಾ? ತಲೆ ನೆಟ್ಟಗದಾ ನಿಂಗೆ?"

ಸುರೇಂದ್ರ ಕೈ ಹಾಕಿ ಕಿತ್ತುಕೊಂಡ. ಚಿಕ್ಕಸ್ವಾಮಿ ಅವನ ಮಣಿಕಟ್ಟು ಹಿಡಿದ. ಎಳೆದಾಟದಲ್ಲಿ ಅದು ಹಾರಿ ಸಿಮೆಂಟಿನ ಮೇಲೆ ಮುಖ ಅಡಿಯಾಗಿ ಬಿತ್ತು. ಮುಂದೆ ನಿಂತಿದ್ದ ಜವರಯ್ಯ ಬಗ್ಗಿ ಎತ್ತಿದರು. ಫೋನು. ಗಾಜು ಒಡೆದಿತ್ತು. ಒಡೆದ ಗಾಜಿನೊಳಗೆ ಯಾವುದೋ ಹಸುವಿನ ವಿಡಿಯೋ ಇನ್ನೂ ಓಡುತ್ತಿತ್ತು.

ಯಾರೋ ನಕ್ಕರು. ಚಿಕ್ಕಸ್ವಾಮಿ ನಗಲಿಲ್ಲ. ಫೋನನ್ನು ಪಂಚೆಗೆ ಒರೆಸಿಕೊಂಡು, ತುಂಬ ಮೆಲ್ಲಗೆ, "ಊರವರ ಮುಂದೆ ನನ್ನ ಕಳ್ಳ ಅಂದ್ಬುಟ್ಟೆ," ಎಂದ. "ನನ್ ಬಾಗ್ಲು ಕೆಲ್ಸ ನಿಲ್ಸಪ್ಪ. ನಿನ್ ಕೈಯಿನ ಬಾಗ್ಲಲ್ಲಿ ನಾನು ಮನೆಯೊಳೀಕೆ ಹೋಗಕಿಲ್ಲ."

ವೀಣ ಮೂರು ಮಾರು ದೂರದಲ್ಲಿದ್ದಳು. ತರಕಾರಿ ಚೀಲದ ಹಿಡಿ ಅವಳ ಬೆರಳನ್ನು ಕೊಯ್ಯುತ್ತಿತ್ತು. ಒಂದು ಮಾತು ಆಡಬೇಕಿತ್ತು. ಆಮೇಲೆ ಎಷ್ಟೋ ಸಲ ಆ ಕ್ಷಣವನ್ನು ನೆನೆದುಕೊಂಡು, ಹೆದರಿಕೆಯಿಂದ ಸುಮ್ಮನಿದ್ದೆನೋ, ಗಂಡನ ಮಾತೇ ನಿಜವಿರಬಹುದು ಎಂಬ ಆಸೆಯಿಂದ ಸುಮ್ಮನಿದ್ದೆನೋ ಎಂದು ತನ್ನನ್ನೇ ಕೇಳಿಕೊಂಡಳು.

ಮರುದಿನ ಗೋಡೆಯ ಮೇಲೆ ಹಾಲು ಬರಲಿಲ್ಲ.

ಸುರೇಂದ್ರ ಮಾತ್ರ ಬಾಗಿಲ ಕೆಲಸ ನಿಲ್ಲಿಸಲಿಲ್ಲ. ಮುಗಿಸಿ ಅವನ ಮನೆಯ ಮುಂದೆ ನಿಲ್ಲಿಸಿ ಬರುತ್ತೇನೆ, ಬೇಡವೆಂದರೆ ಒಡೆದು ಸೌದೆ ಮಾಡಿಕೊಳ್ಳಲಿ ಎಂದು ಹಟ ಹಿಡಿದ. ಅವನ ಹಟಕ್ಕೆ ಕಾಳಪ್ಪ ಒಂದೇ ಮಾತು ಹೇಳಿದರು: "ಫೋನು ನೋಡಿದ ಮೇಲೂ ಅನ್ಮಾನ ಬುಡ್ನಿಲ್ವಾ?"

"ಫೋನಲ್ಲೂ ಒತ್ತಬೋದು ಕಣಪ್ಪ. ಈಗೆಲ್ಲ ಫೋನಲ್ಲೇ ಬತ್ತದೆ."

ವೀಣ ಆ ಬೆಳಿಗ್ಗೆ ಸಿಪಾಯಿಗೆ ಸ್ನಾನ ಮಾಡಿಸಲು ಕೂತಳು. ಕುತ್ತಿಗೆಯ ರೋಮ ಸರಿಸಿ ನೋಡಿದರೆ ಕಣ್ಣಲ್ಲಿ ನೀರು ಬಂತು. ಎರಡೂ ಬೆಲ್ಟಿನ ಮೊಳೆ ಕೂತ ಕಡೆ ಜೋಡಿ ಜೋಡಿಯಾಗಿ ಹುಣ್ಣಾಗಿ ಕೀವು ಒಸರುತ್ತಿತ್ತು. ಅವಳು ರಿಮೋಟಿನ ಬೆಲ್ಟನ್ನು ಬಿಚ್ಚಿ ಬಟ್ಟೆ ಒಣಹಾಕುವ ತಂತಿಗೆ ನೇತುಹಾಕಿದಳು. ನೀರು ಬಿದ್ದಿದೆ, ಒಣಗಲಿ ಎಂದು ಹೇಳಿದರಾಯಿತು. ಇನ್ನೊಂದನ್ನೂ ಬಿಚ್ಚಬೇಕೆನ್ನುವಷ್ಟರಲ್ಲಿ ನಾಯಿ ಕೈಯಿಂದ ಜಾರಿ ಮೈ ಒದರಿಕೊಂಡು ಓಡಿತು. ಹೋಗಲಿ, ಬೊಗಳದಿದ್ದರೆ ಅದೇನೂ ಮಾಡುವುದಿಲ್ಲವಲ್ಲ ಎಂದುಕೊಂಡಳು.

ಮಧ್ಯಾಹ್ನ ಎಂದಿನಂತೆ ಕರೆಂಟು ಹೋಯಿತು. ಪಕ್ಕದ ಮನೆಯ ಹುಲ್ಲು ಕತ್ತರಿಸುವ ಮಿಷನ್ನು ಗರ್ರೆಂದು ನಿಧಾನವಾಗಿ ನಿಂತಿತು. ಇಷ್ಟು ದಿನ ಆ ಮಿಷನ್ನು ನಿಂತ ಮೇಲೆ ಚಿಕ್ಕಸ್ವಾಮಿ ಬೀಡಿ ಹಚ್ಚಲು ಹೊರಗೆ ಬರುತ್ತಿದ್ದ ಎಂಬುದು ವೀಣಳಿಗೆ ಆಗ ಹೊಳೆಯಿತು. ಇವತ್ತು ಅವನಿರಲಿಲ್ಲ, ಬೆಳಿಗ್ಗೆಯೇ ಪಾಂಡವಪುರದ ಬಸ್ಸು ಹತ್ತಿದ್ದನ್ನು ಅವಳೇ ನೋಡಿದ್ದಳು. ಮಂಗಳಮ್ಮ ಒಳಗೆಲ್ಲೋ ಇದ್ದಳು. ಹಿತ್ತಲು ಖಾಲಿ.

ಶೆಡ್ಡಿನಲ್ಲಿ ಸುರೇಂದ್ರ ಕೊರೆಯುವ ಮಿಷನ್ನು ಕೆಳಗಿಟ್ಟು ಉಳಿ, ಕೊಡತಿ ಕೈಗೆತ್ತಿಕೊಂಡ. ಮಿಷನ್ನಿನ ಸದ್ದು, ದೂಳು ಎರಡೂ ಆಗದ ಸಿಪಾಯಿ, ಅದು ನಿಂತದ್ದೇ ಒಳಗೆ ಬಂದು, ಬಾಗಿಲು ಮಲಗಿಸಿದ್ದ ಉದ್ದನೆಯ ಹಲಗೆಯ ತುದಿಯಲ್ಲಿ ಗದ್ದ ಊರಿ ಮಲಗಿತು. ಅದು ಅದರ ಹಳೆಯ ಜಾಗ. ಸುರೇಂದ್ರ ಅದಕ್ಕೆ ಬೆನ್ನು ಹಾಕಿ ಹಂಸದ ರೆಕ್ಕೆಗೆ ಉಳಿ ಇಟ್ಟ.

ವೀಣ ಬಾಗಿಲಲ್ಲಿ ನಿಂತು ನೋಡಿದಳು.

ಟಕ್. ಸಿಪಾಯಿಯ ಕಿವಿ ಹಿಂದಕ್ಕೆ ಮಡಚಿತು. ಟಕ್. ಕುತ್ತಿಗೆಯ ಚರ್ಮ ಅದುರಿತು. ಟಕ್. ಮೈಯೆಲ್ಲ ಸೆಟೆದುಕೊಂಡಿತು, ಬಾಯಿ ಮಾತ್ರ ತೆರೆಯಲಿಲ್ಲ, ಕಚ್ಚಿ ಹಿಡಿದಿತ್ತು. ನಾಲ್ಕನೆಯ ಏಟಿಗೆ ತಡೆಯಲಾರದೆ ಕಿರುಚಿತು. ಕಿರುಚಿದ್ದಕ್ಕೆ ಇನ್ನೊಂದು ಬಿತ್ತು. ಎದ್ದು ಹೊರಗೋಡಿತು.

ಸುರೇಂದ್ರ ಕೊಡತಿ ಹಿಡಿದೇ ಗೋಡೆಯ ಕಡೆ ಧಾವಿಸಿದ. "ಎಲ್ಲವ್ನೆ ಅವ್ನು?"

"ಪಾಂಡವಪುರದಲ್ಲವ್ರೆ," ಎಂದಳು ವೀಣ. "ಬನ್ನಿ ಇಲ್ಲಿ."

ಅವಳು ತಂತಿಯ ಮೇಲಿದ್ದ ರಿಮೋಟಿನ ಬೆಲ್ಟನ್ನು ತೋರಿಸಿದಳು. ಆಮೇಲೆ ತೊಟ್ಟಿಯ ಹಿಂದೆ ಹೋಗಿ, ನಡುಗುತ್ತಿದ್ದ ನಾಯಿಯನ್ನು ಎದೆಗೆ ಒತ್ತಿಕೊಂಡು ಬೊಗಳುವ ಬೆಲ್ಟನ್ನು ಬಿಚ್ಚಿದಳು. ಶೆಡ್ಡಿಗೆ ಬಂದು, ಸಿಪಾಯಿ ಮಲಗುತ್ತಿದ್ದ ಜಾಗದಲ್ಲೇ ಕೂತು, ಬೆಲ್ಟನ್ನು ಮುಂಗೈಗೆ ಬಿಗಿಯಾಗಿ ಸುತ್ತಿ ಮೊಳೆಗಳನ್ನು ಚರ್ಮಕ್ಕೆ ಒತ್ತಿ, ಕೈಯನ್ನು ಹಲಗೆಯ ಮೇಲೆ ಊರಿದಳು.

"ಹೊಡೀರಿ."

"ಏನೇ ಇದು ಹುಚ್ಚಾಟ?"

"ಉಳಿ ಮೇಲೆ ಹೊಡೀರಿ ಅಂದೆ. ದಿನಾ ಹೊಡಿಯೋ ಹಂಗೇ ಹೊಡೀರಿ."

ಸುರೇಂದ್ರ ಅನುಮಾನದಿಂದಲೇ ಒಂದು ಏಟು ಹಾಕಿದ. ವೀಣಳ ಕೈ ಹಲಗೆಯಿಂದ ತಾನಾಗಿ ಎಗರಿತು. ಮೊಣಕೈವರೆಗೂ ಸೂಜಿ ಎಳೆದಂತಾಯಿತು. ಬಾಯಿಂದ ಹೊರಟ "ಅವ್ವಾ" ಎಂಬುದಕ್ಕೆ ಇನ್ನೊಂದು ಹೊಡೆಯಿತು. ಅವಳು ಹಲ್ಲು ಕಚ್ಚಿದಳು. ನಾಯಿ ಯಾಕೆ ಬಾಯಿ ಬಿಡುತ್ತಿರಲಿಲ್ಲ ಎಂಬುದು ಆಗ ಅರ್ಥವಾಯಿತು.

ಸುರೇಂದ್ರ ಕೊಡತಿ ಕೆಳಗಿಟ್ಟ. ಅವಳ ಕೈಯಿಂದ ಬೆಲ್ಟು ಬಿಚ್ಚಿ ತನ್ನ ಕೈಗೆ ಸುತ್ತಿಕೊಂಡ. ಇನ್ನೊಂದು ಕೈಯಲ್ಲಿ ಕೊಡತಿಯೆತ್ತಿ ಬರೀ ಹಲಗೆಗೆ ಕುಟ್ಟಿದ. ಒಂದು ಸಲ, ಎರಡು ಸಲ. ಎರಡು ಸಲವೂ ಅವನ ಭುಜ ಅದುರಿತು. ಮೂರನೆಯದಕ್ಕೆ ಕೊಡತಿಯೆತ್ತಿದವನು ಇಳಿಸಿಬಿಟ್ಟ.

"ಏಳಕ್ಕೆ ಇಟ್ಟಿದ್ದೆ," ಎಂದ. "ಏಟಿನ ಸದ್ದನ್ನೇ ಬೊಗಳಿದ್ದು ಅಂದ್ಕಂಡು... ನನ್ ಕಾಲ ಹತ್ರ ಬಂದು ಮಲಗ್ತಿತ್ತಲ್ಲೇ ಅದು. ದಿನಾ ಬಂದು ಮಲಗ್ತಿತ್ತು."

ಬಾಗಿಲಲ್ಲಿ ಕಾಳಪ್ಪ ಬಂದು ನಿಂತಿದ್ದರು. ಸುರೇಂದ್ರ ಬೆಲ್ಟು ಬಿಚ್ಚಿ ಹೊಟ್ಟಿನ ಮೇಲೆ ಎಸೆದ. ಸ್ವಲ್ಪ ಹೊತ್ತಿನ ಮೇಲೆ, "ಮತ್ತೆ ರಿಮೋಟು ಎಲ್ಲೋಯ್ತು?" ಎಂದ.

ವೀಣ ಎದ್ದು ಒಳಗೆ ಹೋದಳು. ರಾಗಿ ಅಂಟಿದ ಕವರನ್ನು ತಂದು ಅವನ ಮುಂದೆ ಇಟ್ಟಳು.

ಅವನು ಅದನ್ನು ಮುಟ್ಟಲಿಲ್ಲ. ಬೈಯುತ್ತಾನೆಂದು ಅವಳು ಕಾದಳು. ಬೈದಿದ್ದರೆ ಸಲೀಸಾಗುತ್ತಿತ್ತು.

"ನಾನು ಅವ್ರ ಫೋನು ಒಡೆದಾಗ ಅಲ್ಲೇ ನಿಂತಿದ್ದೆ ನೀನು."

"ಹೂಂ."

"ಗೊತ್ತಿದ್ದೂ ನಿಂತಿದ್ದೆ."

"ನಿಮ್ಮತ್ರ ಇನ್ನೊಂದು ರಿಮೋಟು ಅದೆ ಅಂದ್ಕಂಡಿದ್ದೆ," ಎಂದಳು ವೀಣ. ಶುರು ಮಾಡಿದ ಮೇಲೆ ಎಲ್ಲವನ್ನೂ ಹೇಳಿಬಿಡೋಣವೆನ್ನಿಸಿತು. "ನೀವೇ ಒತ್ತಿ ಅವ್ರ ಮೇಲೆ ಹಾಕ್ತಿದ್ದೀರ ಅಂತ. ನಿಮ್ ಜೇಬೆಲ್ಲ ತಡಕಿದೆ. ಪೆಟ್ಟಿಗೆ ತಡಕಿದೆ."

ಸುರೇಂದ್ರ ತಲೆಯೆತ್ತಿ ಅವಳನ್ನು ನೋಡಿದ. ಸಿಟ್ಟಿಗಿಂತ ಬೇರೆಯದೇನೋ ಆ ಕಣ್ಣಿನಲ್ಲಿತ್ತು. ಹನ್ನೊಂದು ವರ್ಷ ಜೊತೆಯಲ್ಲಿದ್ದವಳನ್ನು ಹೊಸದಾಗಿ ಅಳೆಯುವವನ ಹಾಗೆ ನೋಡಿದ.

"ಜಗಳ ಆಮೇಲೆ ಆಡ್ಕಳಿ," ಎಂದರು ಕಾಳಪ್ಪ. "ಮೊದ್ಲು ನಾಯೀನ ಡಾಕ್ಟ್ರತ್ರ ಕರ್ಕಂಡ್ ಹೋಗಿ."

ಶ್ರೀರಂಗಪಟ್ಟಣದ ಪಶು ಡಾಕ್ಟರು ಹುಣ್ಣು ತೊಳೆದು, ಇಂಜೆಕ್ಷನ್ನು ಕೊಟ್ಟು, ಹಚ್ಚುವುದಕ್ಕೆ ಮುಲಾಮು ಬರೆದರು. ಎರಡು ಬೆಲ್ಟಿನ ವಿಷಯ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದು ಬಾ ಅಂತ ಹೊಡೆಯುತ್ತೆ, ಇನ್ನೊಂದು ನೋವಾಯಿತು ಅಂದದ್ದಕ್ಕೆ ಹೊಡೆಯುತ್ತೆ. ಯಾತಕ್ಕೆ ಏಟು ಬಿತ್ತು ಅಂತ ಆ ಪ್ರಾಣಿಗೆ ಹೇಗ್ರೀ ಗೊತ್ತಾಗಬೇಕು? ಎದುರಿಗೆ ಯಾರು ಕಂಡರೋ ಅವರೇ ಹೊಡೆದರು ಅಂದುಕೊಳ್ಳುತ್ತೆ," ಎಂದರು. ಹಾಲು ಕರೆಯುವ ಹೊತ್ತಿಗೆ ನಾಯಿಯನ್ನು ಬೇರೆ ಕಡೆ ಕರೆದುಕೊಂಡು ಹೋಗುವುದಕ್ಕೆ ಆಗುತ್ತಿರಲಿಲ್ಲವೇ ಎಂದು ಕೇಳಿದರು. ಗಂಡ ಹೆಂಡತಿ ಇಬ್ಬರಿಗೂ ಅದು ತೋಚಿರಲಿಲ್ಲ.

ಸಂಜೆ ಕಾಳಪ್ಪ, ಮಗ, ಸೊಸೆ ಮೂವರೂ ಚಿಕ್ಕಸ್ವಾಮಿಯ ಮನೆಗೆ ಹೋದರು. ಅವನು ಪಾಂಡವಪುರದಿಂದ ಆಗಷ್ಟೇ ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಸುರೇಂದ್ರ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಹೆಂಡತಿ ಬಚ್ಚಿಟ್ಟ ವಿಷಯವನ್ನು ಬಿಟ್ಟು, ಬೆಲ್ಟು, ಕೊಡತಿ, ಏಳನೆಯ ಅಂಕಿ, ಎಲ್ಲ ಹೇಳಿದ. ರಿಮೋಟು ಮನೆಯಲ್ಲೇ ಸಿಕ್ಕಿತು ಎಂದಷ್ಟೇ ಅಂದ. ವೀಣಳಿಗೆ ಅದನ್ನು ತಡೆಯಲಾಗಲಿಲ್ಲ.

"ಸಿಕ್ಕಿದ್ದಲ್ಲ ಅಣ್ಣ. ನಾನೇ ಬಚ್ಚಿಟ್ಟಿದ್ದೆ. ಅವತ್ತು ಡೈರಿ ಹತ್ರ ಬಾಯಿ ಬಿಡ್ಬೇಕಿತ್ತು. ಬಿಡ್ಲಿಲ್ಲ."

ಚಿಕ್ಕಸ್ವಾಮಿ ಚಾಚಿದ್ದ ಕಾಲನ್ನು ಮಡಚಿಕೊಂಡ. "ಹೋಗ್ಲಿ ಬುಡವ್ವ," ಎಂದ. "ಪ್ರಾಣಿ ಉಳ್ಕಂತಲ್ಲ. ಆದ್ರೆ ಸುರೇಂದ್ರ, ಬಾಗ್ಲು ಪಾಂಡವಪುರದಲ್ಲಿ ಹೇಳ್ಬುಟ್ಟು ಬಂದಿದ್ದೀನಿ ಕಣ್ಲಾ. ಮಾತು ಕೊಟ್ಟಾಗದೆ."

"ಆಗ್ಲಣ್ಣ."

"ಅದೇ ಊರವರ ಮುಂದೆ ನೀನು ತಪ್ಪಾಯ್ತು ಅಂತ ಒಂದ್ ಮಾತು ಅನ್ನು. ನಂಗೆ ಅಷ್ಟು ಸಾಕು."

ಮಂಗಳಮ್ಮ ಹೊಸ್ತಿಲಲ್ಲಿ ನಿಂತಿದ್ದವಳು ವೀಣಳ ಕಡೆಗೆ ತಿರುಗಿ, "ಪಾರ್ಸಲ್ಲು ಕೇಳ್ದಾಗ್ಲೇ ನಂಗೆ ಅನ್ಸಿತ್ತು," ಎಂದಳು. "ನಾವೇನೋ ನಿಮ್ಮನ್ನ ಮನೆಯವ್ರು ಅಂದ್ಕಂಡಿದ್ದೋ." ಅಷ್ಟು ಹೇಳಿ ಒಳಗೆ ಹೋದಳು.

ಸುರೇಂದ್ರ ಮಾರನೆಯ ಬೆಳಿಗ್ಗೆ ಡೈರಿಯ ಸಾಲಿನ ಮುಂದೆ ನಿಂತು ತಪ್ಪೊಪ್ಪಿಕೊಂಡ. ಫೋನಿನ ಗಾಜನ್ನು ಹಾಕಿಸಿಕೊಟ್ಟ. ಎರಡೂ ಬೆಲ್ಟನ್ನು ಸುತ್ತಿಗೆಯಿಂದ ಜಜ್ಜಿ ಕಸಕ್ಕೆ ಹಾಕಿದ. ಅರ್ಧ ಕೆತ್ತಿದ ಬಾಗಿಲನ್ನು ಎರಡು ತಿಂಗಳ ಮೇಲೆ ಕೆ.ಆರ್. ಪೇಟೆಯ ಕಡೆಯವರೊಬ್ಬರು ಕೊಂಡುಹೋದರು. ಒಂದು ಕದದ ಹಂಸ ಅಷ್ಟು ಚೆನ್ನಾಗಿ ಬಂದಿಲ್ಲವೆಂದು ಅವರು ಅಂದಾಗ ಸುರೇಂದ್ರ ವಾದಿಸಲಿಲ್ಲ.

ಈಗ ವೀಣ ಬೆಳಿಗ್ಗೆ ಸಂಜೆ, ಪಕ್ಕದ ಮನೆಯಲ್ಲಿ ಹಾಲು ಕರೆಯುವ ಹೊತ್ತಿಗೆ, ಸಿಪಾಯಿಗೆ ಹಗ್ಗ ಹಾಕಿ ನಾಲೆಯವರೆಗೂ ನಡೆಸಿಕೊಂಡು ಹೋಗುತ್ತಾಳೆ. ಸೆರಗಿನಲ್ಲಿ ಒಣ ರೊಟ್ಟಿ ಚೂರು. ಕರೆದಾಗ ಬಂದರೆ ಒಂದು ಚೂರು. ಮೊದಮೊದಲು ಬರುತ್ತಿರಲಿಲ್ಲ, ಈಗ ಹತ್ತಕ್ಕೆ ಆರು ಸಲ ಬರುತ್ತದೆ. ಕುತ್ತಿಗೆಯಲ್ಲಿ ರೋಮ ಮತ್ತೆ ಬಂದಿದೆ, ಹುಣ್ಣಿನ ಗುರುತಿರುವ ಕಡೆ ಮಾತ್ರ ಬೆಳ್ಳಗೆ. ಒಂದೂವರೆ ತಿಂಗಳಾದ ಮೇಲೆ ಮಂಗಳಮ್ಮ ಹಾಲು ಕೊಡುವುದನ್ನು ಶುರು ಮಾಡಿದಳು. ಹಾಲು ಮಾತ್ರ ದಾಟುತ್ತದೆ, ಸುದ್ದಿ ದಾಟುವುದಿಲ್ಲ.

ಸಿಪಾಯಿ ಶೆಡ್ಡಿನೊಳಗೆ ಕಾಲಿಡುವುದಿಲ್ಲ. ಸುರೇಂದ್ರ ಬಾಗಿಲಲ್ಲಿ ಕೂತು ಚಪ್ಪರಿಸಿ ಕರೆದರೆ ದೂರದಲ್ಲಿ ನಿಂತು ಬಾಲ ಆಡಿಸುತ್ತದೆ. ಅವನು ಎದ್ದರೆ ಹಿಂದೆ ಸರಿಯುತ್ತದೆ.

ಮೊನ್ನೆ ಸುರೇಂದ್ರ ಅಳತೆ ಟೇಪು ಹುಡುಕುತ್ತಿದ್ದ. ಬೆಂಚಿನ ಮೇಲೆ, ಬೆಂಚಿನ ಕೆಳಗೆ, ಕಿಟಕಿಯಲ್ಲಿ ನೋಡಿದ. ಆಮೇಲೆ ಸ್ವಲ್ಪ ನಿಂತು ಅಡಿಗೆಮನೆಯ ಕಡೆ ತಿರುಗಿದ. ವೀಣ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಅವನ ನೋಟವನ್ನು ಬೆನ್ನ ಮೇಲೆಯೇ ಕಂಡುಕೊಂಡಳು.

"ನಾನು ಮುಟ್ಟಿಲ್ಲ," ಎಂದಳು, ತಿರುಗದೆ.

"ನಾನು ಕೇಳೇ ಇಲ್ವಲ್ಲೇ."

"ಕೇಳ್ಲಿಲ್ಲ."

ಅವನು ಮತ್ತೆ ಶೆಡ್ಡಿಗೆ ಹೋದ. ವೀಣ ಒಲೆಯ ಉರಿ ಸಣ್ಣ ಮಾಡಿ, ಅವನಿಗೆ ಟೇಪು ಸಿಕ್ಕಿತೋ ಇಲ್ಲವೋ ಎಂದು ಕಿವಿಗೊಟ್ಟು ನಿಂತಳು.